ಕುತ್ತಿಗೆಯ ಬೆನ್ನುಹುರಿಗೆ ಪೆಟ್ಟಾದವರ ಕೈ: ಆರು ತಿಂಗಳೊಳಗೆ ಕೇಳಬೇಕಾದ ಪ್ರಶ್ನೆ

ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾದವರ ಮನೆಯಲ್ಲಿ ಮೊದಲ ವರ್ಷವಿಡೀ ಮಾತು ಕಾಲಿನ ಬಗ್ಗೆಯೇ. ಮತ್ತೆ ಎದ್ದು ನಡೆಯುತ್ತಾನಾ, ಯಾವಾಗ ನಡೆಯುತ್ತಾನೆ? ಪೆಟ್ಟು ತಿಂದವರನ್ನೇ ಕೇಳಿದರೆ ಉತ್ತರ ಬೇರೆ. ಅಮೆರಿಕದ ಕಿಮ್ ಆಂಡರ್ಸನ್ 2004ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಕೈಕಾಲು ನಾಲ್ಕೂ ಸೋತವರ ಪೈಕಿ ಸುಮಾರು ಅರ್ಧದಷ್ಟು ಜನ ಮೊದಲು ಬೇಕೆಂದದ್ದು ಕೈ ಮತ್ತು ತೋಳಿನ ಶಕ್ತಿ. ನಡಿಗೆ ಅದಕ್ಕಿಂತ ಬಹಳ ಹಿಂದಿತ್ತು. ಚಮಚ ಹಿಡಿಯುವುದು, ಫೋನ್ ಎತ್ತುವುದು, ಮೂತ್ರದ ನಳಿಕೆ (ಕ್ಯಾತಿಟರ್) ತಾವೇ ಹಾಕಿಕೊಳ್ಳುವುದು, ಹಾಸಿಗೆಯಲ್ಲಿ ತಾವೇ ಮಗ್ಗುಲು ಬದಲಿಸುವುದು: ದಿನಕ್ಕೆ ಎಷ್ಟು ಸಲ ಇನ್ನೊಬ್ಬರನ್ನು ಕರೆಯಬೇಕು ಎನ್ನುವುದು ನಿಂತಿರುವುದು ಇವುಗಳ ಮೇಲೆ.

ಈ ಕೈಗಾಗಿ ಶಸ್ತ್ರಚಿಕಿತ್ಸೆ ಇದೆ. ಅದು ಪ್ರಯೋಗಾಲಯದ ಕನಸಲ್ಲ. ಒಂದು ಬಗೆಗೆ ಐವತ್ತು ವರ್ಷದ ಅನುಭವವಿದೆ, ಇನ್ನೊಂದಕ್ಕೆ ಹದಿನೈದು ವರ್ಷದ ಗಟ್ಟಿ ಸಂಶೋಧನೆ ಇದೆ. ಆದರೆ ಎರಡನೆಯದಕ್ಕೆ ಒಂದು ಗಡುವು ಉಂಟು, ಆ ಗಡುವನ್ನು ಬಹುತೇಕ ಮನೆಗಳಿಗೆ ಯಾರೂ ಹೇಳಿರುವುದಿಲ್ಲ. ಈ ಬರಹ ಅದಕ್ಕಾಗಿ.

ಮೊದಲು ತೋಳಿನೊಳಗೆ ಏನಾಗಿದೆ ಎಂದು ನೋಡೋಣ. ಸಿ6 ಮಟ್ಟದ, ಅಂದರೆ ಬೆನ್ನುಹುರಿಯ ಕುತ್ತಿಗೆ ಭಾಗದ ಆರನೇ ಖಂಡದ ಮಟ್ಟದ, ಪೆಟ್ಟನ್ನು ತೆಗೆದುಕೊಳ್ಳಿ. ಭುಜ ಎತ್ತಲು ಬರುತ್ತದೆ, ಮೊಣಕೈ ಮಡಿಸುವ ಬೈಸೆಪ್ಸ್ ಗಟ್ಟಿಯಾಗಿದೆ, ಮಣಿಕಟ್ಟನ್ನು ಮೇಲಕ್ಕೆತ್ತಬಹುದು. ಮೊಣಕೈ ನೇರ ಮಾಡುವ ಟ್ರೈಸೆಪ್ಸ್ ಇಲ್ಲ, ಬೆರಳು ಬಿಚ್ಚಲು ಬರುವುದಿಲ್ಲ, ಮುಚ್ಚಲೂ ಬರುವುದಿಲ್ಲ. ಕೆಲಸ ನಿಲ್ಲಿಸಿದ ಸ್ನಾಯುಗಳಲ್ಲಿ ಎರಡು ಜಾತಿ. ಪೆಟ್ಟು ಬಿದ್ದ ಜಾಗಕ್ಕಿಂತ ಸಾಕಷ್ಟು ಕೆಳಗಿನ ಸ್ನಾಯುಗಳಿಗೆ ಮಿದುಳಿನ ಆಜ್ಞೆ ಬರುತ್ತಿಲ್ಲ, ಆದರೆ ಬೆನ್ನುಹುರಿಯಲ್ಲಿ ಅವುಗಳ ನರಕೋಶ ಜೀವಂತವಿದೆ, ಅಲ್ಲಿಂದ ಸ್ನಾಯುವರೆಗಿನ ನರವೂ ಸರಿಯಿದೆ. ಊರ ಕಂಬದಲ್ಲಿ ತಂತಿ ಕಡಿದಿದ್ದರೂ ಮನೆಯ ವೈರಿಂಗ್ ನೆಟ್ಟಗಿರುವ ಹಾಗೆ. ಇಂಥ ಸ್ನಾಯು ಬಿಗಿಯಾಗುತ್ತದೆ, ಸೆಟೆಯುತ್ತದೆ, ಆದರೆ ಸಾಯುವುದಿಲ್ಲ. ಎರಡನೇ ಜಾತಿ, ಪೆಟ್ಟು ಬಿದ್ದ ಜಾಗದಲ್ಲೇ ನರಕೋಶ ನುಜ್ಜುಗುಜ್ಜಾದ ಸ್ನಾಯುಗಳದು. ಅವು ಸಡಿಲವಾಗಿ ಜೋತು ಬೀಳುತ್ತವೆ, ತಿಂಗಳಿಂದ ತಿಂಗಳಿಗೆ ಸೊರಗುತ್ತವೆ. ಹನ್ನೆರಡರಿಂದ ಹದಿನೆಂಟು ತಿಂಗಳಾಗುವಷ್ಟರಲ್ಲಿ ಹೊಸ ನರ ತಂದು ಜೋಡಿಸಿದರೂ ಸ್ವೀಕರಿಸದ ಸ್ಥಿತಿಗೆ ಬರುತ್ತವೆ. ಒಂದೇ ತೋಳಿನಲ್ಲಿ ಎರಡೂ ಜಾತಿ ಪಕ್ಕಪಕ್ಕ ಇರಬಹುದು. ಸಿ6 ಪೆಟ್ಟಿನಲ್ಲಿ ಟ್ರೈಸೆಪ್ಸ್ ಮತ್ತು ಬೆರಳು ಬಿಚ್ಚುವ ಸ್ನಾಯುಗಳು ಹಲವು ಸಲ ಎರಡನೇ ಜಾತಿಗೆ ಸೇರುತ್ತವೆ, ಬೆರಳು ಮುಚ್ಚುವವು ಮೊದಲನೆಯದಕ್ಕೆ.

ಯಾವುದು ಯಾವ ಜಾತಿ ಎಂದು ಎಂಆರ್‌ಐ ಹೇಳುವುದಿಲ್ಲ. ಹೇಳುವುದು ಇಎಂಜಿ (ಸ್ನಾಯುವಿನ ವಿದ್ಯುತ್ ಚಟುವಟಿಕೆ ಅಳೆಯುವ) ಪರೀಕ್ಷೆ ಮತ್ತು ಚರ್ಮದ ಮೇಲಿಂದ ಕೊಡುವ ವಿದ್ಯುತ್ ಪ್ರಚೋದನೆ. ಈ ಪ್ರಚೋದನೆಯಲ್ಲಿ ಒಂದು ಸೂಕ್ಷ್ಮ ತಪ್ಪು ಮತ್ತೆ ಮತ್ತೆ ನಡೆಯುತ್ತದೆ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಸುಮಾರು 0.3 ಮಿಲಿಸೆಕೆಂಡಿನ ಚಿಕ್ಕ ವಿದ್ಯುತ್ ಮಿಡಿತ (ಪಲ್ಸ್) ಕೊಟ್ಟಾಗ ಸ್ನಾಯು ಕುಣಿದರೆ ಅದು ನರದ ಮೂಲಕವೇ ಕುಣಿದಿದೆ ಎಂದರ್ಥ, ನರ ಜೀವಂತವಿದೆ. ಹತ್ತಾರು ಮಿಲಿಸೆಕೆಂಡಿನ ಉದ್ದನೆಯ ಪಲ್ಸ್ ಕೊಟ್ಟರೆ ನರ ಸತ್ತ ಸ್ನಾಯುವೂ ನೇರವಾಗಿ ಮಿಡಿಯುತ್ತದೆ. ಯಂತ್ರ ಹಚ್ಚಿದಾಗ ಬೆರಳು ಅಲುಗಾಡಿತು ಎಂದು ಮನೆಮಂದಿ ಸಂತೋಷಪಡುತ್ತಾರೆ, ಆದರೆ ಯಾವ ಪಲ್ಸ್‌ಗೆ ಅಲುಗಾಡಿತು ಎಂದು ಕೇಳದಿದ್ದರೆ ಆ ಅಲುಗಾಟದಿಂದ ಏನೂ ತಿಳಿಯುವುದಿಲ್ಲ. ಪಲ್ಸ್‌ನ ಅವಧಿ ಎಷ್ಟಿತ್ತು, ಯಾವ ಸ್ನಾಯು ಎಷ್ಟು ಗಟ್ಟಿಯಾಗಿ ಪ್ರತಿಕ್ರಿಯಿಸಿತು ಎಂದು ಫಿಸಿಯೋಥೆರಪಿಸ್ಟ್ ಹತ್ತಿರ ಬರೆಸಿಟ್ಟುಕೊಳ್ಳಿ.

ಇನ್ನು ಶಸ್ತ್ರಚಿಕಿತ್ಸೆಯ ಎರಡು ದಾರಿ. ಹಳೆಯದು ಟೆಂಡನ್ ವರ್ಗಾವಣೆ: ಕೆಲಸ ಮಾಡುತ್ತಿರುವ, ಆದರೆ ಇಲ್ಲದಿದ್ದರೂ ನಡೆಯುವ ಸ್ನಾಯುವಿನ ತುದಿಯ ರಜ್ಜು (ಟೆಂಡನ್) ಬಿಡಿಸಿ, ಸೋತ ಸ್ನಾಯುವಿನ ರಜ್ಜುವಿಗೆ ಹೊಲಿಯುವುದು. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಎರಿಕ್ ಮೋಬರ್ಗ್ 1970ರ ದಶಕದಲ್ಲಿ ಇದನ್ನು ಬೆನ್ನುಹುರಿ ಪೆಟ್ಟಿನವರಿಗಾಗಿ ಒಂದು ಶಿಸ್ತಾಗಿ ಬೆಳೆಸಿದರು. ಹೊಸದು ನರ ವರ್ಗಾವಣೆ: ರಜ್ಜುವನ್ನು ಮುಟ್ಟದೆ, ಪೆಟ್ಟಿಗಿಂತ ಮೇಲಿನ ಒಂದು ನರದ ಕವಲನ್ನು ಕತ್ತರಿಸಿ ಸೋತ ಸ್ನಾಯುವಿನ ನರಕ್ಕೆ ಸೂಕ್ಷ್ಮದರ್ಶಕದಡಿ ಜೋಡಿಸುವುದು. ಬ್ರೆಜಿಲ್‌ನ ಜೈಮೆ ಬರ್ಟೆಲ್ಲಿ, ಅಮೆರಿಕದ ಸೇಂಟ್ ಲೂಯಿಸ್‌ನ ಸುಸಾನ್ ಮೆಕಿನ್ನನ್, ಮೆಲ್ಬರ್ನ್‌ನ ಆಸ್ಟಿನ್ ಹೆಲ್ತ್‌ನಲ್ಲಿ ನತಾಶಾ ವಾನ್ ಜಿಲ್ ಇದನ್ನು ಮುಂದೆ ತಂದವರಲ್ಲಿ ಮುಖ್ಯರು.

ನರ ವರ್ಗಾವಣೆಯಲ್ಲಿ ಮೂರು ಜೋಡಿಗಳು ಹೆಚ್ಚು ಬಳಕೆಯಲ್ಲಿವೆ. ಮೊಣಕೈ ನೇರ ಮಾಡಲು ಭುಜದ ಸ್ನಾಯುಗಳಾದ ಟೆರೆಸ್ ಮೈನರ್‌ನ ಕವಲು, ಅಥವಾ ಡೆಲ್ಟಾಯ್ಡ್‌ನ ಹಿಂಭಾಗದ ಕವಲು, ಟ್ರೈಸೆಪ್ಸ್‌ಗೆ. ಬೆರಳು ಬಿಚ್ಚಲು, ಅಂಗೈಯನ್ನು ಮೇಲ್ಮುಖ ತಿರುಗಿಸುವ ಸುಪಿನೇಟರ್‌ನ ಕವಲುಗಳು, ಬೆರಳು ಬಿಚ್ಚುವ ಸ್ನಾಯುಗಳಿಗೆ ಹೋಗುವ ಪೋಸ್ಟೀರಿಯರ್ ಇಂಟರೋಸಿಯಸ್ ನರಕ್ಕೆ. ಹಿಡಿಯಲು, ಚಿವುಟಲು, ಮೊಣಕೈ ಮಡಿಸುವ ಬ್ರೇಕಿಯಾಲಿಸ್‌ನ ಕವಲು, ಹೆಬ್ಬೆರಳು ಮತ್ತು ಬೆರಳು ಮಡಿಸುವ ಸ್ನಾಯುಗಳಿಗೆ ಹೋಗುವ ಆಂಟೀರಿಯರ್ ಇಂಟರೋಸಿಯಸ್ ನರಕ್ಕೆ. ಕೊಡುವ ಸ್ನಾಯುಗಳನ್ನು ಆರಿಸಿರುವುದರಲ್ಲೇ ಜಾಣ್ಮೆ ಇದೆ. ಬ್ರೇಕಿಯಾಲಿಸ್ ಹೋದರೆ ಮೊಣಕೈ ಮಡಿಸಲು ಬೈಸೆಪ್ಸ್ ಇದೆ, ಸುಪಿನೇಟರ್ ಹೋದರೆ ಅಂಗೈ ಮೇಲೆ ಮಾಡಲೂ ಬೈಸೆಪ್ಸ್ ಇದೆ. ಕೊಡುವ ಸ್ನಾಯುವಿನ ಬಲ 5ರ ಅಳತೆಯಲ್ಲಿ ಕನಿಷ್ಠ 4 ಇರಬೇಕು.

ಇಲ್ಲೊಂದು ಎಚ್ಚರಿಕೆ ಬೇಕು. ಮೊಣಕೈ ನೇರ ಮಾಡಲು ಬೈಸೆಪ್ಸ್‌ನ ರಜ್ಜುವನ್ನೇ ಟ್ರೈಸೆಪ್ಸ್‌ಗೆ ಹೊಲಿಯುವ ವಿಧಾನವೂ ಇದೆ. ಅದನ್ನು ಮಾಡಬೇಕಾದರೆ ಬ್ರೇಕಿಯಾಲಿಸ್ ಮತ್ತು ಸುಪಿನೇಟರ್ ಎರಡೂ ಗಟ್ಟಿಯಾಗಿರಲೇಬೇಕು. ಒಬ್ಬ ಸರ್ಜನ್ ಸುಪಿನೇಟರ್‌ನ ನರ ತೆಗೆದುಕೊಂಡು, ಎರಡು ವರ್ಷದ ನಂತರ ಇನ್ನೊಬ್ಬರು ಅದೇ ತೋಳಿನ ಬೈಸೆಪ್ಸ್ ತೆಗೆದುಕೊಂಡರೆ ಅಂಗೈ ಮೇಲೆ ತಿರುಗಿಸುವ ಶಕ್ತಿಯೇ ಹೋಗುತ್ತದೆ. ಹಾಗಾಗಿ ಮೊದಲ ಕೊಯ್ತಕ್ಕೆ ಮುಂಚೆಯೇ ಎರಡೂ ತೋಳಿನ ಪೂರ್ತಿ ಯೋಜನೆ ಕಾಗದದ ಮೇಲೆ ಇರಬೇಕು: ಮೊಣಕೈಗೆ ಯಾವುದು, ಬಿಚ್ಚಲು ಯಾವುದು, ಹಿಡಿಯಲು ಯಾವುದು, ಒಂದು ವಿಫಲವಾದರೆ ಮುಂದೇನು.

ಫಲಿತಾಂಶ ಹೇಗಿದೆ? 2019ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಮೆಲ್ಬರ್ನ್ ಅಧ್ಯಯನವನ್ನು ನೋಡಿ. 16 ಜನ, 27 ತೋಳು, 59 ನರ ವರ್ಗಾವಣೆ. ಎಲ್ಲರಿಗೂ ಪೆಟ್ಟಾಗಿ 18 ತಿಂಗಳೊಳಗೆ. 10 ಜನರಿಗೆ ಟೆಂಡನ್ ವರ್ಗಾವಣೆಯನ್ನೂ ಜೊತೆಗೆ ಮಾಡಿದ್ದರು. ಎರಡು ವರ್ಷದ ನಂತರ ತೋಳಿನ ಕೆಲಸ ಅಳೆಯುವ 57 ಅಂಕದ ಪರೀಕ್ಷೆಯಲ್ಲಿ ಮಧ್ಯಾಂಕ 16.5ರಿಂದ 34ಕ್ಕೆ ಏರಿತು. ವಸ್ತುಗಳನ್ನು ಹಿಡಿದು ಬಿಡುವ ಪರೀಕ್ಷೆಯಲ್ಲಿ 35ರಿಂದ 125ಕ್ಕೆ. ಸೋಲೂ ಇದೆ: 3 ಜನರಲ್ಲಿ 4 ವರ್ಗಾವಣೆಗಳು ಫಲ ಕೊಡಲಿಲ್ಲ, ಇಬ್ಬರಿಗೆ ಸ್ಪರ್ಶ ಶಾಶ್ವತವಾಗಿ ಸ್ವಲ್ಪ ಕಡಿಮೆಯಾಯಿತು, ಇಬ್ಬರಿಗೆ ಮಣಿಕಟ್ಟಿನ ಬಲ ಕೆಲಕಾಲ ತಗ್ಗಿತು. ಸೋಲನ್ನೂ ಎಣಿಸಿ ಬರೆದಿರುವುದರಿಂದಲೇ ನನಗೆ ಈ ಅಧ್ಯಯನದ ಮೇಲೆ ನಂಬಿಕೆ.

ನನ್ನ ಅಭಿಪ್ರಾಯದಲ್ಲಿ ಈ ಎರಡು ದಾರಿಗಳನ್ನು ಎದುರಾಳಿಗಳಂತೆ ನೋಡುವುದೇ ತಪ್ಪು. ನರ ವರ್ಗಾವಣೆಯಲ್ಲಿ ಕೈ ಸಹಜವಾಗಿ, ಅಗಲವಾಗಿ ಬಿಚ್ಚುತ್ತದೆ. ಒಂದೇ ಕವಲಿನಿಂದ ಹಲವು ಸ್ನಾಯುಗಳಿಗೆ ಜೀವ ಬರುತ್ತದೆ, ಗಾಯವೂ ಚಿಕ್ಕದು, ಕೈ ಕಟ್ಟಿಡುವ ಅವಧಿಯೂ ಕಡಿಮೆ. ಹಿಡಿತದ ಬಲ ಮಾತ್ರ ಟೆಂಡನ್ ವರ್ಗಾವಣೆಯಲ್ಲಿ ಹೆಚ್ಚು, ಫಲವೂ ಬೇಗ. ಟೆಂಡನ್‌ಗೆ ಗಡುವಿಲ್ಲ, ಹತ್ತು ವರ್ಷದ ನಂತರವೂ ಮಾಡಬಹುದು. ನರ ವರ್ಗಾವಣೆ ವಿಫಲವಾದರೂ, ಯೋಜನೆ ಸರಿಯಿದ್ದರೆ, ಟೆಂಡನ್ ದಾರಿ ತೆರೆದೇ ಇರುತ್ತದೆ. ಆದ್ದರಿಂದಲೇ ನರದ ಪ್ರಶ್ನೆ ಮೊದಲು ಕೇಳಬೇಕು.

ಹಾಗಾದರೆ ಯಾವಾಗ? ಪೆಟ್ಟಾದ ಮೊದಲ ಆರು ತಿಂಗಳಲ್ಲಿ ತಾನಾಗಿಯೇ ಒಂದಷ್ಟು ಶಕ್ತಿ ಮರಳುತ್ತದೆ, ಆಗಲೇ ಕೊಯ್ಯುವುದು ಅವಸರ. ಮೂರನೇ ತಿಂಗಳಲ್ಲಿ ಒಮ್ಮೆ, ಆರನೇ ತಿಂಗಳಲ್ಲಿ ಇನ್ನೊಮ್ಮೆ ಪ್ರತಿ ಸ್ನಾಯುವಿನ ಬಲ ಅಳೆದು ಬರೆಯಬೇಕು. ಈ ಎರಡರ ನಡುವೆ ಏನೂ ಬದಲಾಗದ, ನರ ಸತ್ತ ಲಕ್ಷಣವಿರುವ ಸ್ನಾಯುಗಳಿಗೆ ಆರರಿಂದ ಹನ್ನೆರಡನೇ ತಿಂಗಳೊಳಗೆ ನಿರ್ಧಾರವಾಗಬೇಕು. ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ತೋಳಿನ ನಡುವಿನಿಂದ ಮುಂದೋಳಿನ ಹೆಬ್ಬೆರಳು ಮಡಿಸುವ ಸ್ನಾಯುವರೆಗೆ 20 ಸೆಂಟಿಮೀಟರ್ ದಾರಿ ಇದ್ದರೆ ಅದು ತಲುಪಲಿಕ್ಕೇ ಆರೇಳು ತಿಂಗಳು ಬೇಕು. ಗಡುವಿನ ಲೆಕ್ಕಕ್ಕೆ ಈ ಪ್ರಯಾಣವನ್ನೂ ಸೇರಿಸಿ. ನರ ಜೀವಂತವಿರುವ ಮೊದಲ ಜಾತಿಯ ಸ್ನಾಯುಗಳಿಗೆ ಇಷ್ಟು ಬಿಗಿ ಇಲ್ಲ. ಸೇಂಟ್ ಲೂಯಿಸ್ ತಂಡ 2012ರಲ್ಲಿ ವರದಿ ಮಾಡಿದ 71 ವರ್ಷದ ರೋಗಿಗೆ ಪೆಟ್ಟಾಗಿ ಎರಡು ವರ್ಷ ಆಗುತ್ತಾ ಬಂದಾಗ ಬ್ರೇಕಿಯಾಲಿಸ್ ನರ ಜೋಡಿಸಿದ್ದರು, ಮುಂದೆ ಅವರು ತಾವೇ ತಿನ್ನುವಂತಾದರು.

ಈ ಅಮೂಲ್ಯ ತಿಂಗಳುಗಳನ್ನು ನಮ್ಮಲ್ಲಿ ಸ್ಟೆಮ್ ಸೆಲ್ ಚುಚ್ಚುಮದ್ದಿನ ಜಾಹೀರಾತುಗಳು ನುಂಗುತ್ತಿವೆ, ಅದು ನನಗೆ ನಿಜಕ್ಕೂ ಸಂಕಟದ ವಿಷಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ರಕ್ತದ ಕೆಲವು ಕಾಯಿಲೆಗಳನ್ನು ಬಿಟ್ಟು ಸ್ಟೆಮ್ ಸೆಲ್‌ಗಳನ್ನು ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನ ಹೊರಗೆ ಚಿಕಿತ್ಸೆಯೆಂದು ಕೊಡುವಂತಿಲ್ಲ. ಹಣ ಹೋಗುವುದು ಒಂದು ನಷ್ಟ. ಕಾದು ನೋಡುತ್ತಾ ಟ್ರೈಸೆಪ್ಸ್‌ನ ಗಡುವು ದಾಟಿಬಿಡುವುದು ಅದಕ್ಕಿಂತ ದೊಡ್ಡ ನಷ್ಟ.

ಟೆಂಡನ್ ವರ್ಗಾವಣೆಯ ವಿವರಕ್ಕೆ ಬರೋಣ, ಏಕೆಂದರೆ ಪೆಟ್ಟಾಗಿ ವರ್ಷಗಳೇ ಕಳೆದ ಓದುಗರೇ ಹೆಚ್ಚಿರಬಹುದು. ಸರ್ಜನ್‌ಗಳು ಬಳಸುವ ಅಂತರರಾಷ್ಟ್ರೀಯ ವರ್ಗೀಕರಣ 0ಯಿಂದ 9ರವರೆಗೆ ಇದೆ. ಮೊಣಕೈ ಕೆಳಗೆ ಬಲ 4 ಇರುವ ಸ್ನಾಯು ಒಂದೂ ಇಲ್ಲದಿದ್ದರೆ 0. ಮುಂದೋಳಿನ ಬ್ರೇಕಿಯೋರೇಡಿಯಾಲಿಸ್ ಸ್ನಾಯು ಒಂದೇ ಇದ್ದರೆ 1. ಮಣಿಕಟ್ಟು ಎತ್ತುವ ಉದ್ದನೆಯ ಸ್ನಾಯು ಸೇರಿದರೆ 2, ಗಿಡ್ಡನೆಯದೂ ಸೇರಿದರೆ 3, ಹೀಗೆ ಮುಂದಕ್ಕೆ. ಇದರ ಜೊತೆಗೆ ಸ್ಪರ್ಶದ ಗುರುತೊಂದಿದೆ. ಹೆಬ್ಬೆರಳಿನ ತುದಿಯಲ್ಲಿ 10 ಮಿಲಿಮೀಟರ್ ಅಥವಾ ಅದಕ್ಕಿಂತ ಹತ್ತಿರದ ಎರಡು ಚುಕ್ಕೆಗಳನ್ನು ಬೇರೆಬೇರೆಯಾಗಿ ಗುರುತಿಸಿದರೆ ಆ ಕೈ ಸ್ಪರ್ಶದಿಂದ ಕೆಲಸ ಮಾಡಬಲ್ಲದು. ಇಲ್ಲದಿದ್ದರೆ ಕಣ್ಣೇ ಅದಕ್ಕೆ ದಾರಿ ತೋರಬೇಕು. ಕಣ್ಣು ಒಂದು ಹೊತ್ತಿಗೆ ಒಂದು ಕೈಯನ್ನಷ್ಟೇ ಕಾಯಬಲ್ಲದು ಎಂದು ಮೋಬರ್ಗ್ ಗುರುತಿಸಿದ್ದರು. ಎರಡೂ ಕೈಯಲ್ಲಿ ಸ್ಪರ್ಶವಿಲ್ಲದವರಿಗೆ ಮೊದಲು ಒಂದೇ ಕೈಯ ಹಿಡಿತದ ಮೇಲೆ ಗಮನ ಕೊಡುವುದು ಅದಕ್ಕೇ.

ಸಾಮಾನ್ಯವಾಗಿ ಮಾಡುವುದು ಹೆಬ್ಬೆರಳು ಮತ್ತು ತೋರುಬೆರಳಿನ ಪಕ್ಕದ ನಡುವೆ ಬೀಗದಕೈ ಹಿಡಿದಂಥ ಚಿವುಟು ಹಿಡಿತ. ಬ್ರೇಕಿಯೋರೇಡಿಯಾಲಿಸ್‌ನ ರಜ್ಜುವನ್ನು ಹೆಬ್ಬೆರಳು ಮಡಿಸುವ ರಜ್ಜುವಿಗೆ, ಸುಮಾರು 5 ಸೆಂಟಿಮೀಟರ್ ಒಂದರ ಮೇಲೊಂದು ಬರುವಂತೆ ಪಕ್ಕಪಕ್ಕ ಇಟ್ಟು ಎರಡೂ ಅಂಚಿನಲ್ಲಿ ಹೊಲಿಯುತ್ತಾರೆ. ಈ ಹೊಲಿಗೆ ಗಟ್ಟಿಯಾಗಿರುವುದರಿಂದ ಮಾರನೇ ದಿನವೇ ಹಗುರ ಚಲನೆ ಶುರುಮಾಡುವ ಕೇಂದ್ರಗಳಿವೆ. ಬೇಗ ಚಲಿಸಿದರೆ ರಜ್ಜು ಸುತ್ತಲ ಅಂಗಾಂಶಕ್ಕೆ ಅಂಟಿಕೊಳ್ಳುವುದಿಲ್ಲ. ಇಂಥ ಶಸ್ತ್ರಚಿಕಿತ್ಸೆಗಳನ್ನು ಒಟ್ಟು ಸೇರಿಸಿ ನೋಡಿದ 2009ರ ಒಂದು ವಿಮರ್ಶೆಯಲ್ಲಿ ಚಿವುಟಿನ ಸರಾಸರಿ ಬಲ 2 ಕೆ.ಜಿ., 5ರ ಅಳತೆಯಲ್ಲಿ ಮೊಣಕೈ ನೇರ ಮಾಡುವ ಬಲ ಸೊನ್ನೆಯಿಂದ 3.3ಕ್ಕೆ ಏರಿತ್ತು. ಆರೋಗ್ಯವಂತ ಕೈಗೆ ಹೋಲಿಸಿದರೆ ಕಡಿಮೆಯೇ. ಆದರೆ ಕ್ಯಾತಿಟರ್, ಚಮಚ, ಜಿಪ್, ಎಟಿಎಂ ಕಾರ್ಡ್‌ಗೆ ಸಾಕು. ಪಾಶ್ಚಾತ್ಯ ಪರೀಕ್ಷೆಗಳು ಫೋರ್ಕ್, ಪೆನ್ನು ಹಿಡಿಸಿ ಅಂಕ ಕೊಡುತ್ತವೆ. ಅನ್ನ ಸಾರು ಕಲಸಿ ತುತ್ತು ಮಾಡಲು ಬೇಕಾದ ಬೆರಳುಗಳನ್ನು ನಾಜೂಕಾಗಿ ಆಡಿಸುವ ಅಂಗೈಯ ಸಣ್ಣ ಸ್ನಾಯುಗಳ ಹೊಂದಾಣಿಕೆ ಈ ಯಾವ ಶಸ್ತ್ರಚಿಕಿತ್ಸೆಯಿಂದಲೂ ಬರುವುದಿಲ್ಲ. ಕೈಯಲ್ಲೇ ಉಣ್ಣುವ ಆಸೆ ಇಟ್ಟುಕೊಂಡು ಹೋದವರಿಗೆ ಇದನ್ನು ಮೊದಲೇ ಹೇಳುವುದು ನ್ಯಾಯ.

ಮೊಣಕೈಯನ್ನು ಮೊದಲು ಸರಿಪಡಿಸೋಣ ಎಂದು ಸರ್ಜನ್ ಹೇಳಿದರೆ ತಕರಾರು ಮಾಡಬೇಡಿ. ಬ್ರೇಕಿಯೋರೇಡಿಯಾಲಿಸ್ ಮೊಣಕೈ ಮಡಿಸುವ ಸ್ನಾಯು. ಅದನ್ನು ಹೆಬ್ಬೆರಳಿಗೆ ಜೋಡಿಸಿದ ಮೇಲೆ, ಎದುರು ಎಳೆಯಲು ಟ್ರೈಸೆಪ್ಸ್ ಇಲ್ಲದಿದ್ದರೆ, ಚಿವುಟಲು ಹೋದಾಗಲೆಲ್ಲ ಮೊಣಕೈ ಮಡಿಸಿಕೊಳ್ಳುತ್ತದೆ, ಬಲ ಅಲ್ಲೇ ಸೋರಿಹೋಗುತ್ತದೆ.

ತಪ್ಪುಗಳಲ್ಲಿ ಅತಿ ಕೆಟ್ಟದ್ದು ಮಣಿಕಟ್ಟನ್ನು ಕಳೆದುಕೊಳ್ಳುವುದು. ಹಿಡಿತಕ್ಕಾಗಿ ಮಣಿಕಟ್ಟು ಎತ್ತುವ ಉದ್ದನೆಯ ಸ್ನಾಯುವನ್ನು ಬೆರಳಿಗೆ ಕೊಡುವ ರೂಢಿ ಇದೆ. ಹಾಗೆ ಮಾಡುವ ಮುನ್ನ ಗಿಡ್ಡನೆಯ ಸ್ನಾಯು ಒಂದೇ ಮಣಿಕಟ್ಟನ್ನು ಹೊರಬಲ್ಲದು ಎನ್ನುವ ಖಾತ್ರಿ ಬೇಕು. ಹೊರಗಿನಿಂದ ಎರಡನ್ನೂ ಬೇರೆ ಮಾಡಿ ಪರೀಕ್ಷಿಸುವುದು ಕಷ್ಟ. ಮುಂದೋಳನ್ನು ಒಳಕ್ಕೆ ತಿರುಗಿಸುವ ಪ್ರೊನೇಟರ್ ಗಟ್ಟಿಯಾಗಿದ್ದರೆ ಗಿಡ್ಡನೆಯದೂ ಗಟ್ಟಿಯಿರುವ ಸಂಭವ ಹೆಚ್ಚು. ಸಂಶಯವಿದ್ದರೆ ಮುಟ್ಟಬಾರದು.

ಮನೆಯಲ್ಲಿ ಆಗುವ ಹಾನಿ ಇನ್ನೊಂದು ಬಗೆಯದು. ಮಣಿಕಟ್ಟನ್ನು ಮೇಲೆತ್ತಿದಾಗ ಬೆರಳುಗಳು ತಾವಾಗಿ ಮಡಿಸಿಕೊಳ್ಳುವ ಬಿಗಿತವೇ ಸಿ6 ಕೈಯ ಆಸ್ತಿ. ಪ್ರೀತಿಯಿಂದ ದಿನಾ ವ್ಯಾಯಾಮ ಮಾಡಿಸುವವರು ಮಣಿಕಟ್ಟು ಮತ್ತು ಬೆರಳು ಎರಡನ್ನೂ ಒಟ್ಟಿಗೆ ಹಿಂದಕ್ಕೆ ಚಾಚಿ ಎಳೆದರೆ ಆ ಬಿಗಿತ ಸಡಿಲಿಸಿ ಹೋಗುತ್ತದೆ. ಬೆರಳು ಬಿಡಿಸುವಾಗ ಮಣಿಕಟ್ಟು ಕೆಳಗೆ ಬಾಗಿರಲಿ, ಮಣಿಕಟ್ಟು ಎತ್ತುವಾಗ ಬೆರಳು ಮಡಿಸಿಯೇ ಇರಲಿ. ಮೊಣಕೈಗೆ ಇದರ ತದ್ವಿರುದ್ಧ ಆರೈಕೆ: ಟ್ರೈಸೆಪ್ಸ್ ಇಲ್ಲದ ತೋಳು ಮಡಿಸಿಕೊಂಡೇ ಸೆಟೆದುಕೊಳ್ಳುತ್ತದೆ, ಅದನ್ನು ದಿನಕ್ಕೆ ಹಲವು ಬಾರಿ ಪೂರ್ತಿ ನೇರ ಮಾಡಬೇಕು. ಸೆಟೆದು ಕೂತ ಮೊಣಕೈಗೆ ಯಾವ ವರ್ಗಾವಣೆ ಮಾಡಿದರೂ ಅದು ನೇರವಾಗುವುದಿಲ್ಲ.

ಶಸ್ತ್ರಚಿಕಿತ್ಸೆಯ ದಿನ ಅರಿವಳಿಕೆ ವೈದ್ಯರಿಗೆ ಎರಡು ಮಾತು ನೆನಪಿಸಿ. ಟಿ6 (ಬೆನ್ನುಹುರಿಯ ಎದೆ ಭಾಗದ ಆರನೇ ಖಂಡ) ಅಥವಾ ಅದಕ್ಕಿಂತ ಮೇಲಿನ ಪೆಟ್ಟಿನವರಲ್ಲಿ ಮೂತ್ರಕೋಶ ತುಂಬಿದರೂ, ಕ್ಯಾತಿಟರ್ ಮಡಿಸಿಕೊಂಡರೂ ರಕ್ತದೊತ್ತಡ ಒಮ್ಮೆಲೇ ಏರಬಹುದು, ತಲೆನೋವು, ಮುಖ ಕೆಂಪಾಗುವುದು, ಬೆವರುವುದು ಅದರ ಗುರುತು. ಇವರ ಮಾಮೂಲಿ ಮೇಲಿನ (ಸಿಸ್ಟೋಲಿಕ್) ಒತ್ತಡವೇ 90ರಿಂದ 110 ಇರುವುದರಿಂದ 140 ಕೂಡ ಇವರಿಗೆ ಅಪಾಯ. ಮೊದಲು ತಲೆ ಎತ್ತರಿಸಿ ಕೂರಿಸಿ, ಕ್ಯಾತಿಟರ್ ನೋಡಿ. ಎರಡನೆಯದು, ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಔಷಧಿ ಬೇಡ. ಅದರಿಂದ ರಕ್ತದ ಪೊಟ್ಯಾಸಿಯಂ ಪ್ರಾಣಕ್ಕೆ ಬರುವಷ್ಟು ಏರಬಹುದು. ನರ ವರ್ಗಾವಣೆಯಲ್ಲಿ ಸ್ನಾಯು ಸಡಿಲಿಸುವ ಬೇರೆ ಔಷಧಿಗಳ ಪ್ರಭಾವವೂ ಉಳಿದಿರಬಾರದು, ಏಕೆಂದರೆ ಸರ್ಜನ್ ಪ್ರತಿ ಕವಲನ್ನೂ ವಿದ್ಯುತ್ ಕಡ್ಡಿಯಿಂದ ಮುಟ್ಟಿ, ಯಾವ ಸ್ನಾಯು ಮಿಡಿಯಿತು ಎಂದು ನೋಡಿಯೇ ಕತ್ತರಿಸಬೇಕು.

ನಂತರದ ದಿನಗಳು ಎರಡರಲ್ಲೂ ಬೇರೆ ಬೇರೆ. ಬೈಸೆಪ್ಸ್ ಅಥವಾ ಡೆಲ್ಟಾಯ್ಡ್‌ನಿಂದ ಮೊಣಕೈ ಸರಿಪಡಿಸಿದರೆ ಸುಮಾರು ಮೂರು ವಾರ ತೋಳು ನೇರವಾಗಿಯೇ ಕಟ್ಟಿರಬೇಕು. ಆಮೇಲೆ ಕೀಲಿರುವ ಬ್ರೇಸ್‌ನಲ್ಲಿ ವಾರಕ್ಕೆ 10ರಿಂದ 15 ಡಿಗ್ರಿಯಷ್ಟೇ ಮಡಿಸಲು ಬಿಡುತ್ತಾರೆ. ಅವಸರಪಟ್ಟು ಮಡಿಸಿದರೆ ಹೊಲಿದ ಜಾಗ ಉದ್ದವಾಗಿ ಬಲವೆಲ್ಲ ಹೋಗುತ್ತದೆ. ಸುಮಾರು ಮೂರು ತಿಂಗಳು ಆ ತೋಳಿನ ಮೇಲೆ ಭಾರ ಹಾಕಿ ಕುರ್ಚಿಗೆ ಹೋಗುವಂತಿಲ್ಲ, ಗಾಲಿಕುರ್ಚಿ ತಳ್ಳುವಂತಿಲ್ಲ, ಕೂತಲ್ಲೇ ಮೇಲೆತ್ತಿಕೊಳ್ಳುವಂತಿಲ್ಲ. ಅಂದರೆ ಬೆಡ್‌ಸೋರ್ ಕಾಯುವ ಕೆಲಸ ಪೂರ್ತಿ ಬೇರೆಯವರ ಮೇಲೆ. ಒಳ್ಳೆಯ ಕುಶನ್, ಬಾಡಿಗೆಗೆ ಎಲೆಕ್ಟ್ರಿಕ್ ಗಾಲಿಕುರ್ಚಿ, ಎತ್ತಲು ಒಬ್ಬರು, ಇವು ಸಿದ್ಧವಾಗದೆ ದಿನಾಂಕ ತೆಗೆದುಕೊಳ್ಳಬೇಡಿ. ಬೆಡ್‌ಸೋರ್ ಅಥವಾ ಮೂತ್ರದ ಸೋಂಕು ಇದ್ದರೆ ಅದು ವಾಸಿಯಾಗುವವರೆಗೆ ಯಾವ ಶಸ್ತ್ರಚಿಕಿತ್ಸೆಯೂ ಬೇಡ. ನರ ವರ್ಗಾವಣೆಯಲ್ಲಿ ಕಟ್ಟು ಬೇಗ ಬಿಚ್ಚುತ್ತದೆ, ಆದರೆ ತಿಂಗಳುಗಟ್ಟಲೆ ಏನೂ ಕಾಣಿಸುವುದಿಲ್ಲ. ಆ ಅವಧಿಯಲ್ಲಿ ಕೊಟ್ಟ ಸ್ನಾಯುವಿನ ಹಳೆಯ ಚಲನೆಯನ್ನೇ ಹೊಸ ಕೆಲಸದ ಜೊತೆ ಅಭ್ಯಾಸ ಮಾಡಬೇಕು: ಬ್ರೇಕಿಯಾಲಿಸ್ ಕೊಟ್ಟಿದ್ದರೆ ಮೊಣಕೈ ಮಡಿಸುತ್ತಾ ಚಿವುಟುವುದನ್ನು ಯೋಚಿಸುವುದು, ದಿನಕ್ಕೆ ಹಲವು ಬಾರಿ. ಮೊದಲ ಮಿಡಿತ ಬಂದ ಮೇಲೂ ಬಲ ಬರಲು ಎರಡು ವರ್ಷದವರೆಗೆ ಹಿಡಿಯಬಹುದು.

ನಮ್ಮಲ್ಲಿ ಇದನ್ನು ಮಾಡುವ ಕೈಗಳಿಗೆ ಕೊರತೆ ಇಲ್ಲ. ವೆಲ್ಲೂರಿನಲ್ಲಿ ಪಾಲ್ ಬ್ರ್ಯಾಂಡ್ 1940ರ ದಶಕದ ಕೊನೆಯಲ್ಲೇ ಕುಷ್ಠರೋಗಿಗಳ ಕೈಗೆ ಟೆಂಡನ್ ವರ್ಗಾವಣೆ ಶುರುಮಾಡಿದ್ದರು. 1954ರ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾದ ಡಾ. ಮೇರಿ ವರ್ಗೀಸ್ ಗಾಲಿಕುರ್ಚಿಯಲ್ಲಿ ಕೂತೇ ಅಂಥ ಶಸ್ತ್ರಚಿಕಿತ್ಸೆಗಳನ್ನು ಮಾಡಿದರು, ಮುಂದೆ ಅಲ್ಲಿನ ಪುನಶ್ಚೇತನ ವಿಭಾಗವನ್ನು ಕಟ್ಟಿದರು. ಬೈಕ್ ಅಪಘಾತದಲ್ಲಿ ಭುಜದ ನರಜಾಲ ಹರಿದವರಿಗೆ ನರ ವರ್ಗಾವಣೆ ಮಾಡುವ ಸರ್ಜನ್‌ಗಳು ಬೆಂಗಳೂರು, ಕೊಯಮತ್ತೂರಿನಂಥ ಊರುಗಳಲ್ಲಿದ್ದಾರೆ. ಕೌಶಲ ಅದೇ. ಕಡಿದಿರುವುದು ನಡುವಿನ ಸೇತುವೆ: ಬೆನ್ನುಮೂಳೆಗೆ ರಾಡ್ ಹಾಕಿ ಮನೆಗೆ ಕಳಿಸುವ ವಾರ್ಡಿನಿಂದ ಕೈ ಶಸ್ತ್ರಚಿಕಿತ್ಸಕರ ಹೊರರೋಗಿ ವಿಭಾಗಕ್ಕೆ ಚೀಟಿ ಬರೆಯುವವರು ವಿರಳ. ಆ ಚೀಟಿಯನ್ನು ನೀವೇ ಕೇಳಿ ಪಡೆಯಬೇಕು, ಇಲ್ಲವೇ ನೇರ ಹೋಗಬೇಕು.

ಹೋಗುವಾಗ ಜೊತೆಗಿರಲಿ: ಪೆಟ್ಟಾದ ದಿನಾಂಕ, ಮೂರನೇ ಮತ್ತು ಆರನೇ ತಿಂಗಳ ಸ್ನಾಯುಬಲದ ಚಾರ್ಟ್, ಇಎಂಜಿ ವರದಿ, ವಿದ್ಯುತ್ ಪ್ರಚೋದನೆಯ ಟಿಪ್ಪಣಿ, ಭುಜ, ಮೊಣಕೈ, ಬೆರಳು ಎಷ್ಟು ಚಲಿಸುತ್ತವೆ ಎಂದು ತೋರಿಸುವ ಒಂದು ನಿಮಿಷದ ಮೊಬೈಲ್ ವಿಡಿಯೋ. ಇನ್ನೊಂದು ಹಾಳೆಯಲ್ಲಿ, ಪೆಟ್ಟಾದವರೇ ಹೇಳಿ ಬರೆಸಿದ, ತಾವಾಗಿ ಮಾಡಬೇಕೆಂದಿರುವ ಮೂರು ಕೆಲಸಗಳು. ಚಿವುಟು ಬೇಕೋ, ಅಗಲವಾಗಿ ಬಿಚ್ಚುವ ಕೈ ಬೇಕೋ, ಮೊಣಕೈ ಮೊದಲೋ ಎನ್ನುವುದನ್ನು ಸರ್ಜನ್ ಆ ಹಾಳೆ ನೋಡಿಯೇ ತೀರ್ಮಾನಿಸಬೇಕು.